ಗ್ಯಾರೇಜಿನಲ್ಲಿ ಸಾಕ್ಷಿವಿಚಾರಣೆ

ಕಾರು ಕೊಳ್ಳುವ ಮುನ್ನ ಅದರ ಬಣ್ಣವೇನು, ಸಾಲದ ಬಡ್ಡಿಯೆಷ್ಟು, ಏರ್‌ಬ್ಯಾಗುಗಳು ಎರಡೋ ಆರೋ, ತಲೆಯ ಮೇಲೆ ಆಕಾಶ ಕಾಣುವ ಗಾಜಿನ ಕಿಂಡಿಯುಂಟೋ ಇಲ್ಲವೋ ಎಂಬಿತ್ಯಾದಿ ವಿಷಯಗಳನ್ನು ತಿಂಗಳುಗಟ್ಟಲೆ ವ್ಯಾಸಂಗ ಮಾಡಿ, ಆ ಕುರಿತು ನೆರೆಹೊರೆಯವರಿಗೆ ಅಧಿಕಾರವಾಣಿಯಿಂದ ಉಪನ್ಯಾಸ ಕೊಡಬಲ್ಲ ವೈಟ್‌ಫೀಲ್ಡಿನ ಸದ್ಗೃಹಸ್ಥರಿಗೆ, ಅದೇ ಕಾರಿನ ಬಾನೆಟ್ಟನ್ನು ತೆರೆಯುವ ಸನ್ನೆ ಎಲ್ಲಿದೆಯೆಂಬ ಒಂದು ಸಂಗತಿ ಮಾತ್ರ ತಿಳಿದಿರುವುದಿಲ್ಲ. “ಸಾರ್, ಬಾನೆಟ್ ಓಪನ್ ಮಾಡಿ” ಎಂದು ಮೇಸ್ತ್ರಿಗಳು ವಿನಯದಿಂದ ಕೇಳಿಕೊಂಡರೆ, ಒಳಗೆ ಕುಳಿತ ಮಹಾಶಯರು ಮೊದಲು ವೈಪರನ್ನು ಆಡಿಸುತ್ತಾರೆ; ಅನಂತರ ಪೆಟ್ರೋಲ್ ಟ್ಯಾಂಕಿನ ಮುಚ್ಚಳವು ಟಪ್ಪೆಂದು ತೆರೆದುಕೊಳ್ಳುತ್ತದೆ; ಮತ್ತೊಂದು ಪ್ರಯತ್ನಕ್ಕೆ ಹಿಂದುಗಡೆಯ ಡಿಕ್ಕಿಯು ಗಾಂಭೀರ್ಯದಿಂದ ಮೇಲೇಳುತ್ತದೆ. ಆಗ ಗ್ಯಾರೇಜಿನ ಹುಡುಗನು ತುಟಿಕಚ್ಚಿ ನಗೆಯನ್ನು ತಡೆದುಕೊಂಡು, ಬಾಗಿಲು ತೆರೆದು ಕೈ ತೂರಿಸಿ, ಮಾಲೀಕರ ಮೊಣಕಾಲಿನ ಪಕ್ಕದಲ್ಲಿಯೇ ಇರುವ ಆ ಸನ್ನೆಯನ್ನು ಎಳೆಯುತ್ತಾನೆ. “ಗಾಡಿ ಹೊಸದು” ಎಂದು ಮಾಲೀಕರು ಸಮಜಾಯಿಷಿ ಕೊಡುತ್ತಾರೆ. ಮೀಟರು 42,000 ಕಿಲೋಮೀಟರು ತೋರಿಸುತ್ತಿರುತ್ತದೆ.

ನ್ಯಾಯಾಲಯವೊಂದರಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದ ನನಗೆ ಗ್ಯಾರೇಜಿನಲ್ಲೇನು ಕೆಲಸವೆಂದು ಕೇಳುವವರುಂಟು. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆಂದು ಕೊಟ್ಟ ಜಮೀನಿನಲ್ಲಿ ಹುಟ್ಟಿ, ನೂರು ವರ್ಷಕ್ಕೂ ಮೇಲ್ಪಟ್ಟು ಹಳ್ಳಿಯಾಗಿಯೇ ಇದ್ದ ನಮ್ಮ ವೈಟ್‌ಫೀಲ್ಡು, 1998ರಲ್ಲಿ ಟೆಕ್ ಪಾರ್ಕು ಆರಂಭವಾದಂದಿನಿಂದ ಎಷ್ಟು ಕಿಕ್ಕಿರಿಯಿತೆಂದರೆ, ನನ್ನಂಥವನು ನಿರಾತಂಕವಾಗಿ ಪತ್ರಿಕೆಯನ್ನೋದುತ್ತ ಕುಳಿತುಕೊಳ್ಳಲು ಉಳಿದಿರುವ ಸ್ಥಳವೆಂದರೆ ಕಾಡುಗೋಡಿಯ ಕಡೆಯ ನಮ್ಮ ಬೀದಿಯ ಗ್ಯಾರೇಜು ಮಾತ್ರ. ಗುಜರಿಗೆ ಹೋದ ಯಾವುದೋ ಅಂಬಾಸಿಡರಿನ ಹಿಂದಿನ ಸೀಟನ್ನು ಅಲ್ಲಿ ಬೆಂಚಾಗಿ ಹಾಕಿದ್ದಾರೆ. ಅದರ ಮೇಲೆ ಕುಳಿತು ನೋಡುತ್ತ ನೋಡುತ್ತ ನನಗೆ ಮನವರಿಕೆಯಾದುದೇನೆಂದರೆ, ಮೇಸ್ತ್ರಿಯಾದವನಿಗೆ ಸ್ಪ್ಯಾನರು ಹಿಡಿಯುವುದು ಕಷ್ಟದ ವಿದ್ಯೆಯಲ್ಲ; ಮಾಲೀಕರ ಬಾಯಿಂದ ಸತ್ಯವನ್ನು ಹೊರಡಿಸುವುದೇ ಕಷ್ಟದ ವಿದ್ಯೆ. ನಮ್ಮ ನ್ಯಾಯಾಲಯದಲ್ಲಿ ಸಾಕ್ಷಿಗಳು ಕನಿಷ್ಠಪಕ್ಷ ಪ್ರಮಾಣವಚನವನ್ನಾದರೂ ಸ್ವೀಕರಿಸುತ್ತಿದ್ದರು.

“ಏನಾಯ್ತು ಸಾರ್?” “ಏನೂ ಆಗಿಲ್ಲ, ಸುಮ್ನೆ ನಿಂತುಹೋಯ್ತು.” ಇದು ಸಾಮಾನ್ಯವಾದ ಮೊದಲ ಹೇಳಿಕೆ. ಶಬ್ದದ ದೂರುಗಳಾದರೋ ಇನ್ನೂ ಸೂಕ್ಷ್ಮವಾದವು. ಏಕೆಂದರೆ ಮನೆಯಿಂದ ಕಚೇರಿಯವರೆಗೆ ಒಂದೇ ಸಮನೆ ಗೋಳಾಡುವ ಕಾರು ಮೇಸ್ತ್ರಿಗಳನ್ನು ಕಂಡೊಡನೆ ಮೌನವ್ರತವನ್ನು ಧರಿಸುತ್ತದೆ, ಆದಕಾರಣ ಆ ಶಬ್ದವನ್ನು ಮಾಲೀಕರೇ ಸ್ವಮುಖದಿಂದ ಮಾಡಿ ತೋರಿಸಬೇಕಾಗುತ್ತದೆ. ಕೊರಳಲ್ಲಿ ಕಂಪನಿಯ ಐಡಿ ಕಾರ್ಡನ್ನು ತೂಗಾಡಿಸಿಕೊಂಡ ಗಂಭೀರವದನರೊಬ್ಬರು ನಡುಬೀದಿಯಲ್ಲಿ ನಿಂತು “ಕಟಕಟ… ಕುಂಯ್… ಕಟಕ್” ಎಂದು ಅಭಿನಯಪೂರ್ವಕವಾಗಿ ನಿರೂಪಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಸ್ತ್ರಿಗಳು ನಗಲಿಲ್ಲ. “ಬ್ರೇಕ್ ಹೊಡೆದಾಗ ಬರುತ್ತಾ, ತಿರುಗಿಸಿದಾಗ ಬರುತ್ತಾ?” ಎಂದು ಪಾಟೀಸವಾಲು ಹಾಕಿ, ರಸ್ತೆಯುಬ್ಬುಗಳ ಮೇಲೆ ಒಂದು ಸುತ್ತು ಓಡಿಸಿ ಬಂದು, ಮುಂದಿನ ಸೀಟಿನ ಕೆಳಗೆ ಕೈಹಾಕಿ ಊಟದ ಡಬ್ಬಿಯ ಸ್ಟೀಲಿನ ಮುಚ್ಚಳವೊಂದನ್ನು ಹೊರತೆಗೆದರು. ಸಸ್ಪೆನ್ಷನ್ ಹೋಗಿದೆಯೆಂದು ತಾವೇ ನಿರ್ಣಯಿಸಿಕೊಂಡು ಬಂದಿದ್ದ ಆ ಮಹನೀಯರ ಮುಖದಲ್ಲಿ ಸಂತೋಷಕ್ಕಿಂತ ನಿರಾಶೆಯೇ ಹೆಚ್ಚಾಗಿ ಕಂಡಿತು. ಆದರೂ ಅಲ್ಲಿಂದಲೇ ಮನೆಗೆ ಫೋನು ಮಾಡಿ, “ಸಿಕ್ತು ಕಣೇ” ಎಂದು ತಿಳಿಸಿದರು.

ನಮ್ಮ ಮೇಸ್ತ್ರಿಗಳ ಷಡ್ಡಕರೊಬ್ಬರು ಎಲೆಕ್ಟ್ರಾನಿಕ್ ಸಿಟಿಯ ಬಳಿ ಇದೇ ಕಸುಬು ಮಾಡಿಕೊಂಡಿದ್ದಾರೆ. 2010ರಲ್ಲಿ ಅಲ್ಲಿ ತೆರೆದ ಸುಮಾರು 10 ಕಿಲೋಮೀಟರು ಉದ್ದದ ಮೇಲುರಸ್ತೆಯ ನಟ್ಟನಡುವೆ ಹೊಗೆಯಾಡುತ್ತ ನಿಂತ ಕಾರೊಂದನ್ನು ನೋಡಲು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಮೀಟರಲ್ಲಿ ಲೈಟ್ ಬಂದಿರಲಿಲ್ವಾ ಸಾರ್?” ಎಂಬುದು. “ಒಂದು ಲೈಟು ಆರು ತಿಂಗಳಿಂದ ಉರೀತಾನೇ ಇದೆ, ಅದಕ್ಕೇ ನಾನು ತಲೆ ಕೆಡಿಸಿಕೊಳ್ಳಲಿಲ್ಲ” ಎಂದು ಉತ್ತರ ಬಂದಿತು. ಕಾಲಪರಿಮಿತಿಯ ಕಾಯಿದೆಯು ಎಚ್ಚರಿಕೆಯ ದೀಪಗಳಿಗೂ ಅನ್ವಯಿಸುತ್ತದೆಯೆಂಬ ಈ ವಾದವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಕೂಲೆಂಟಿಗೆ ದುಡ್ಡೇಕೆ ದಂಡವೆಂದು ಆ ಮಾಲೀಕರು ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರನ್ನೇ ರೇಡಿಯೇಟರಿಗೆ ತುಂಬಿಸುತ್ತ ಬಂದಿದ್ದರಂತೆ. ಆ ಗಡಸು ನೀರು ಒಳಗೆ ಸುಣ್ಣ ಕಟ್ಟಿಸಿ, ತುಕ್ಕು ಹಿಡಿಸಿ, ಎಂಜಿನ್ನು ಕಾದು, ಹೆಡ್ ಗ್ಯಾಸ್ಕೆಟ್ಟು ಹೋಗಿ, ಉಳಿತಾಯವೆಲ್ಲ ಬಡ್ಡಿಸಹಿತ ವಸೂಲಾಯಿತು.

ಓಡಿಸಿ ಕೆಡಿಸುವವರದು ಹೀಗಾದರೆ, ಓಡಿಸದೆ ಕೆಡಿಸುವವರದು ಬೇರೆಯೇ ಪ್ರಕರಣ. 2020ರ ಮಾರ್ಚಿನಲ್ಲಿ ಲಾಕ್‌ಡೌನಾದಾಗ ಕಾರನ್ನು ನೆಲಮಾಳಿಗೆಯಲ್ಲಿ ನಿಲ್ಲಿಸಿ ಊರಿಗೆ ಹೋದವರು, ವರ್ಷವೊಂದು ಕಳೆದು ಹಿಂದಿರುಗಿ ಗುಂಡಿಯೊತ್ತಿದರೆ, ಅದು ಟಿಕ್ ಎಂದೂ ಅನ್ನಲಿಲ್ಲ. ಅಂಥದೊಂದು ಕಾರಿನ ಏರ್ ಫಿಲ್ಟರಿನ ಪೆಟ್ಟಿಗೆಯನ್ನು ಬಿಚ್ಚುವಾಗ ನಾನು ಪಕ್ಕದಲ್ಲಿದ್ದೆನು: ಬಿಸ್ಕತ್ತಿನ ಹೊದಿಕೆ, ಹತ್ತಿ, ಒಣಗಿದ ಚಪಾತಿಯ ಚೂರು, ಯಾವುದೋ ಮಗುವಿನ ಒಂದು ಕಾಲುಚೀಲ ಇವುಗಳಿಂದ ಇಲಿಯೊಂದು ಅಚ್ಚುಕಟ್ಟಾಗಿ ಸಂಸಾರ ಹೂಡಿ, ಬಿಡುವಿನ ವೇಳೆಯಲ್ಲಿ ವೈರುಗಳನ್ನು ಕಡಿದುಹಾಕಿತ್ತು. “ಇದು ವಾರಂಟಿಯಲ್ಲಿ ಬರುತ್ತಾ?” ಎಂದು ಮಾಲೀಕರು ಕೇಳಿದರು. “ಇಲಿಗೆ ವಾರಂಟಿ ಇಲ್ಲ ಸಾರ್” ಎಂದ ಮೇಸ್ತ್ರಿಗಳು ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟಿಕೊಟ್ಟರು. ಬೆಂಗಳೂರಿನ ಇಲಿಗಳು ಈಚೆಗೆ ಹೊಗೆಸೊಪ್ಪಿಗೂ ಒಗ್ಗಿಹೋಗಿವೆಯೆಂಬುದು ಗ್ಯಾರೇಜಿನ ಹುಡುಗನ ಅಭಿಪ್ರಾಯ.

ಆದರೆ ಸುಳ್ಳುಸಾಕ್ಷ್ಯದ ಮಹಾಪರ್ವವೆಂದರೆ 2022ರ ಸೆಪ್ಟೆಂಬರಿನ ಮೊದಲ ವಾರ. ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು ಜಲಮಯವಾಗಿ, ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರುಗಳಲ್ಲಿ ನಿಂತು ಕಚೇರಿಗೆ ಹೋದುದನ್ನು ಲೋಕವೆಲ್ಲ ನೋಡಿತು. ಅವರ ಕಾರುಗಳು ಮುಳುಗಿ ಮೇಲೆದ್ದುದನ್ನು ನೋಡಿದವರು ಮೇಸ್ತ್ರಿಗಳು. ಗಾಳಿಯನ್ನು ಅದುಮಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ನೀರು ಹೊಕ್ಕಿರುವಾಗ ಸೆಲ್ಫ್ ಹೊಡೆದರೆ, ಮೇಲೇರುವ ಪಿಸ್ಟನ್ನಿಗೆ ದಾರಿ ದೊರೆಯದೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಹೀಗಾಗಿ ಹಾಳಾದ ಎಂಜಿನ್ನಿಗೆ, ಅದಕ್ಕೆಂದೇ ಬೇರೆಯಾಗಿ ರಕ್ಷಣೆ ಕೊಂಡಿರದಿದ್ದರೆ, ಸಾಧಾರಣ ವಿಮೆಯವರು ಹಣ ಕೊಡುವುದಿಲ್ಲ. ಇದನ್ನರಿತ ಮೇಸ್ತ್ರಿಗಳು ಆ ವಾರವೆಲ್ಲ ಫೋನಿನಲ್ಲಿ “ಮುಟ್ಟಬೇಡಿ ಸಾರ್, ಕೀ ತಿರುಗಿಸಬೇಡಿ” ಎಂದು ಜಪಿಸುತ್ತಿದ್ದರು. ಗಾಡಿ ಗ್ಯಾರೇಜಿಗೆ ಬಂದ ಮೇಲೆ ವಿಚಾರಣೆ ನಡೆಯಿತು.

“ಸ್ಟಾರ್ಟ್ ಮಾಡಿದ್ರಾ?”

“ಇಲ್ಲ.”

“ಒಂದ್ಸಲಾನೂ?”

“ಇಲ್ಲ… ಸ್ಟಾರ್ಟ್ ಆಗುತ್ತಾ ಅಂತ ನೋಡ್ದೆ, ಅಷ್ಟೆ.”

ಬಾಗಿದ ಆ ಕನೆಕ್ಟಿಂಗ್ ರಾಡು ಮುದ್ದೆಮಾಲಾಗಿ ಇಂದಿಗೂ ಮೇಸ್ತ್ರಿಗಳ ಮೇಜಿನ ಮೇಲಿದೆ. ಬಿಲ್ಲುಗಳು ಗಾಳಿಗೆ ಹಾರದಂತೆ ಅದನ್ನು ಅವುಗಳ ಮೇಲಿಟ್ಟಿದ್ದಾರೆ.

ಸತ್ಯವನ್ನು ಹೇಳುವುದು ಮೇಸ್ತ್ರಿಗಳಿಗೂ ಯಾವಾಗಲೂ ಲಾಭದಾಯಕವಲ್ಲ. 2020ರ ಏಪ್ರಿಲಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಂದಿನಿಂದ ಡೀಸೆಲ್ ಕಾರುಗಳಿಗೆ ಮಸಿಯನ್ನು ಹಿಡಿಯುವ ಫಿಲ್ಟರೊಂದು ಬಂದಿದೆ. ಕೂಡಿದ ಮಸಿ ಸುಟ್ಟುಹೋಗಬೇಕಾದರೆ ಗಾಡಿಯು ಸ್ವಲ್ಪ ಹೊತ್ತು ಒಂದೇ ಸಮನೆ ವೇಗವಾಗಿ ಓಡಬೇಕು, ಆದರೆ ವೈಟ್‌ಫೀಲ್ಡಿನಲ್ಲಿ ಕಾರು ಓಡುವುದಿಲ್ಲ, ತೆವಳುತ್ತದೆ. ಹೀಗೆ ಫಿಲ್ಟರಿನ ಎಚ್ಚರಿಕೆಯ ದೀಪ ಹೊತ್ತಿಸಿಕೊಂಡು ಬಂದ ಗೃಹಸ್ಥರೊಬ್ಬರಿಗೆ ಮೇಸ್ತ್ರಿಗಳು, “ಹೊಸಕೋಟೆ ದಾಟಿ ಮುಳಬಾಗಿಲಿಗೆ ಹೋಗಿ ದೋಸೆ ತಿಂದ್ಕೊಂಡು ಬನ್ನಿ ಸಾರ್, ಲೈಟ್ ಹೋಗುತ್ತೆ” ಎಂದರು. ಖರ್ಚಿಲ್ಲದ ಚಿಕಿತ್ಸೆಯನ್ನು ನಂಬುವವರು ಯಾರು? ಇವರಿಗೆ ಕೆಲಸ ಬರುವುದಿಲ್ಲವೆಂಬ ಭಾವವನ್ನು ಮುಖದಲ್ಲಿ ಮುಚ್ಚಿಡದೆಯೇ ಹೊರಟುಹೋದರು. ಭಾನುವಾರ ಕಳೆದು ಮತ್ತೆ ಬಂದಾಗ ದೀಪ ಆರಿತ್ತು. ಆ ಬಗ್ಗೆ ಒಂದು ಮಾತನ್ನೂ ಆಡದೆ, ಅಲ್ಲಿ ಇನ್ನೊಳ್ಳೆಯ ದೋಸೆ ಯಾವ ಹೋಟೆಲಿನಲ್ಲಿ ಸಿಗುತ್ತದೆಯೆಂದು ವಿಚಾರಿಸಿ ಹೋದರು.

ಮಾಲೀಕರೆಲ್ಲರೂ ಅಜ್ಞರೆಂದು ಯಾರೂ ಭಾವಿಸಕೂಡದು. ನಮ್ಮ ಮೇಸ್ತ್ರಿಗಳು ಹುಡುಗರಾಗಿ ಕಸುಬು ಕಲಿತುದು ಪೀಣ್ಯದಲ್ಲಿ. ಅಲ್ಲಿನ ಗಿರಾಕಿಗಳು ಲೇತು, ಮಿಲ್ಲಿಂಗುಗಳ ಒಡೆಯರು, ಕೂದಲೆಳೆಯ ವ್ಯತ್ಯಾಸವನ್ನೂ ಬೆರಳಿನಿಂದ ಗುರುತಿಸಬಲ್ಲವರು. “ಈ ಬುಷ್‌ಗೆ ಇಷ್ಟು ದುಡ್ಡಾ? ನಮ್ಮ ಲೇತಲ್ಲೇ ತೆಗೆಸಿ ಕೊಡ್ತೀನಿ, ಹಾಕು” ಎಂದು ಹೇಳಿ, ಸಂಜೆಯೊಳಗೆ ಅದನ್ನು ತಂದೂ ಕೊಡುತ್ತಿದ್ದರಂತೆ. ಆಯುಧಪೂಜೆಯ ದಿನ ಲೇತಿಗೆ ಎಣ್ಣೆ ಹಾಕಿ ಒರೆಸಿ ಹೂಮಾಲೆ ತೊಡಿಸುವ ಆ ಪುಣ್ಯಾತ್ಮರು, ಕಾರಿಗೆ ಕುಂಕುಮವಿಟ್ಟು, ಗಾಲಿಗಳಡಿಯಲ್ಲಿ ನಿಂಬೆಹಣ್ಣಿಟ್ಟು ಮುಂದೆ ಸರಿಸಿ, ಮರುದಿನ ಅದೇ ಡಿಕ್ಕಿಗೆ ಕಬ್ಬಿಣದ ಸರಳುಗಳನ್ನು ಹೇರುತ್ತಿದ್ದರು. ವೈಟ್‌ಫೀಲ್ಡಿನವರು ತಿಳಿಯದೆ ಕೆಡಿಸುತ್ತಾರೆ, ಪೀಣ್ಯದವರು ತಿಳಿದೂ ಕೆಡಿಸುತ್ತಾರೆ. ಇಬ್ಬರಲ್ಲಿ ಯಾರು ಮೇಲೆಂದು ಕೇಳಿದರೆ ಮೇಸ್ತ್ರಿಗಳು ಉತ್ತರ ಕೊಡದೆ ಚಹಾ ತರಿಸುತ್ತಾರೆ. ನನ್ನ ತೀರ್ಪು ಪೀಣ್ಯದವರ ಪರ: ಅವರು ಲೇತಿನ ಮುಂದೆ ನಿಂತವರಾದುದರಿಂದ, ತಪ್ಪೆಲ್ಲಾಯಿತೆಂದು ಕೇಳಿದರೆ ಇದ್ದುದನ್ನು ಇದ್ದಂತೆ ಹೇಳಿಬಿಡುತ್ತಿದ್ದರು.

ಕಾರುಳ್ಳ ವಾಚಕಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಗುಂಡಿಯನ್ನು ಒತ್ತಿದ್ದರೆ ಒತ್ತಿದೆನೆಂದೇ ಹೇಳಿ. ಮೇಸ್ತ್ರಿಗಳು ಬಯ್ಯುವುದಿಲ್ಲ, ಹೇಗೂ ಬಿಚ್ಚಿದ ಮೇಲೆ ಅವರಿಗೆ ತಿಳಿದೇ ತಿಳಿಯುತ್ತದೆ. ಮತ್ತು ದಯವಿಟ್ಟು ಶನಿವಾರ ಸಂಜೆ ಏಳು ಗಂಟೆಗೆ ಬಂದು, “ಬೆಳಿಗ್ಗೆ ನಾಲ್ಕಕ್ಕೆ ಧರ್ಮಸ್ಥಳಕ್ಕೆ ಹೊರಟಿದ್ದೀವಿ, ಬ್ರೇಕ್ ಸ್ವಲ್ಪ ನೋಡಿಬಿಡಿ” ಎನ್ನಬೇಡಿ. ದಾರಿಯಲ್ಲಿ ಚಾರ್ಮಾಡಿ ಘಾಟಿಯಿದೆ, ನಾಲ್ಕು ಗಾಲಿ ಬಿಚ್ಚಿ ಬ್ರೇಕನ್ನು ಸರಿಯಾಗಿ ನೋಡಲು ಅರ್ಧ ದಿನ ಬೇಕು, ಬುಧವಾರ ಬನ್ನಿ.