ಕದ್ದ ಹಾಡಿನ ಹೇಳಿಕೆ

ಸಂದರ್ಶನಕ್ಕೆ ಸಿಕ್ಕಿದ್ದು ಹಳೆಯ ಮೆಮೊರಿ ಕಾರ್ಡಿನಲ್ಲಿ ಕೂತಿದ್ದ, ನಾಲ್ಕು ಎಂಬಿಯ ಒಂದು ಎಂಪಿ3 ಫೈಲು. ಗಾಯಕರ ಹೆಸರಿರಬೇಕಾದ ಜಾಗದಲ್ಲಿ ಯಾವುದೋ ವೆಬ್‌ಸೈಟಿನ ವಿಳಾಸ. ಆದರೂ ಮಾತಿನಲ್ಲಿ ಸಂಕೋಚವಿಲ್ಲ.

ಪ್ರಶ್ನೆ: ನಿಮ್ಮ ಬಗ್ಗೆ ಕಂಪನಿಗಳ ದೂರು ಸರಳವಾದದ್ದು. ಬಿಟ್ಟಿ ಸಿಕ್ಕುವಾಗ ದುಡ್ಡು ಬಿಚ್ಚುವವರು ಯಾರು?

ಫೈಲು: ಬಿಟ್ಟಿಯೇ ಕಾರಣವಾಗಿದ್ದರೆ, 2003ರ ಏಪ್ರಿಲ್‌ನಲ್ಲಿ ಆಪಲ್ ತೆರೆದ ಐಟ್ಯೂನ್ಸ್ ಅಂಗಡಿ ನೊಣ ಹೊಡೆಯುತ್ತ ಕೂರಬೇಕಿತ್ತು. ಹಾಡು ಹಂಚಿಕೆಯ ಜಾಲ ನ್ಯಾಪ್‌ಸ್ಟರ್ ಬಾಗಿಲು ಹಾಕಿದ್ದರೂ ಅದರ ದಾಯಾದಿಗಳು ಅವೇ ಹಾಡುಗಳನ್ನು ಪುಕ್ಕಟೆ ಹಂಚುತ್ತಿದ್ದ ಕಾಲ ಅದು. ಆದರೂ ಹಾಡಿಗೆ 99 ಸೆಂಟ್‌ನಂತೆ ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡು ಖರ್ಚಾದವು. ದುಡ್ಡು ಕೊಟ್ಟವರಿಗೆ ಸಿಕ್ಕಿದ್ದೇನು ನೋಡಿ: ಹಾಡಿಗೊಂದು ಬೀಗ. ಇಷ್ಟೇ ಕಂಪ್ಯೂಟರು, ಜೇಬಿನಲ್ಲಿ ಐಪಾಡ್ ಬಿಟ್ಟು ಬೇರೊಂದು ಪ್ಲೇಯರ್ ಬೇಡ. ಸಂಗೀತ ಕಂಪನಿ ಸೋನಿ ಬಿಎಂಜಿ ಇನ್ನೂ ಮುಂದೆ ಹೋಗಿ, ನಕಲು ತಡೆಯಲೆಂದು ಸಿಡಿಯೊಳಗೆ ಗುಪ್ತ ತಂತ್ರಾಂಶವಿಟ್ಟು ಕೊಂಡವರ ಕಂಪ್ಯೂಟರಿಗೇ ಕನ್ನ ಹಾಕಿತು; 2005ರಲ್ಲಿ ಗುಟ್ಟು ರಟ್ಟಾದ ಮೇಲೆ ಆ ಸಿಡಿಗಳನ್ನು ವಾಪಸು ಪಡೆಯಿತು. ನನ್ನನ್ನು ಇಳಿಸಿಕೊಂಡವರಿಗೂ ವೈರಸ್ ಭಯವಿತ್ತು, ಒಪ್ಪುತ್ತೇನೆ. ಆದರೆ ಅದಕ್ಕೆ ಅವರು ಬಿಲ್ ಕಟ್ಟಿರಲಿಲ್ಲ. ಒಂದೇ ಹಾಡಿನ ಎರಡು ಪ್ರತಿಗಳಲ್ಲಿ ಕಳ್ಳಮಾಲೇ ಒಳ್ಳೆಯ ಮಾಲಾಗಿತ್ತು, ಸ್ವಾಮಿ.

ಪ್ರಶ್ನೆ: ಆಪಲ್ 2009ರಲ್ಲಿ ಬೀಗ ತೆಗೆಯಿತು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಎಂಬ ಹಾಡಿನಂಗಡಿ ತೆರೆದು ಬೀಗವಿಲ್ಲದ ಹಾಡುಗಳನ್ನೇ ಅಗ್ಗಕ್ಕೆ ಮಾರಿತು. ಮರುವರ್ಷವೇ ಮುಚ್ಚಿತು. ಈಗೇನು ಹೇಳುತ್ತೀರಿ?

ಫೈಲು: ಪೆಟ್ಟು ಸರಿಯಾಗಿಯೇ ಬಿತ್ತು. ಬೀಗ ತೆಗೆದರಷ್ಟೇ ಸಾಲದು, ಗಲ್ಲಾಪೆಟ್ಟಿಗೆ ಕೈಗೆಟುಕಬೇಕು. ಹತ್ತು ರೂಪಾಯಿಯ ಹಾಡಿಗೆ ಹದಿನಾರು ಅಂಕಿ ಒತ್ತಿ ಪಾಸ್‌ವರ್ಡಿಗೆ ಕಾದು ಕೂರುವ ತಾಳ್ಮೆ ಯಾರಿಗಿದೆ? ಅದೂ ಕಾರ್ಡ್ ಇದ್ದವರ ಮಾತು. ಯುಪಿಐ ಬಂದದ್ದು 2016ರಲ್ಲಿ. ಅತ್ತ ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯವನು ಒಂದಿಷ್ಟು ದುಡ್ಡು ಈಸಿಕೊಂಡು ಮೆಮೊರಿ ಕಾರ್ಡು ಭರ್ತಿ ಹಾಡು ಹಾಕಿಕೊಡುತ್ತಿದ್ದ. ದುಡ್ಡು ಈಸಿಕೊಂಡು ಎಂದೆ, ಗಮನಿಸಿದಿರಾ? ನಾನು ಬಿಟ್ಟಿ ಅಲ್ಲವೇ ಅಲ್ಲ! ಕಾಲರ್ ಟ್ಯೂನಿನದು ಇನ್ನೂ ಸೋಜಿಗ. ತನ್ನ ಕಿವಿಗೆ ಬೀಳದ, ಫೋನ್ ಮಾಡಿದವರಿಗಷ್ಟೇ ಕೇಳುವ ಹಾಡಿನ ತುಣುಕಿಗೆ ತಿಂಗಳು ತಿಂಗಳೂ ಬಾಡಿಗೆ ಕಟ್ಟಿದವರು ಇದೇ ಜಿಪುಣರು. ಯಾಕೆಂದರೆ ಒಂದು ಗುಂಡಿ ಒತ್ತಿದರೆ ಕೆಲಸ ಮುಗಿಯಿತು, ದುಡ್ಡು ಕರೆನ್ಸಿಯಲ್ಲೇ ಕಟ್ಟಾಗುತ್ತಿತ್ತು. ಗುಂಡಿ ಒತ್ತದವರದೂ ಕಟ್ಟಾಗುತ್ತಿತ್ತು. ಅದನ್ನು ಯಾರೂ ಪೈರಸಿ ಎನ್ನಲಿಲ್ಲ.

ಪ್ರಶ್ನೆ: ಇದೆಲ್ಲ ಕೇಳುಗರ ಕಷ್ಟವಾಯಿತು. ಹಾಡು ಕಟ್ಟಿದವರಿಗೆ ನಿಮ್ಮಿಂದ ನಯಾಪೈಸೆ ಹುಟ್ಟಲಿಲ್ಲವಲ್ಲ?

ಫೈಲು: ಅಲ್ಲಿ ನನ್ನ ಪರ ವಕಾಲತ್ತಿಲ್ಲ. ಅವರ ಹೆಸರನ್ನೂ ಅಳಿಸಿಕೊಂಡು ತಿರುಗಿದ್ದು ನಾನು. ಕಳ್ಳತನ ಯಾಕಾಯಿತು ಎಂದು ಹೇಳಿದೆನೇ ಹೊರತು ಸರಿ ಎಂದು ಹೇಳಲಿಲ್ಲ. ಆದರೆ ಅವರ ಹೆಸರಿನಲ್ಲಿ ಕಣ್ಣೀರು ಹಾಕಿದವರ ಕರಾರುಪತ್ರಗಳನ್ನೂ ಒಮ್ಮೆ ಬಿಚ್ಚಿ ನೋಡಿ. ಸಿನಿಮಾ ಹಾಡು ಬರೆದವರು, ಸಂಗೀತ ಕೂಡಿಸಿದವರು ರಾಯಧನವನ್ನೂ ಸೇರಿಸಿ ಬರೆದುಕೊಡುವುದು ಇಲ್ಲಿ ವಾಡಿಕೆಯಾಗಿತ್ತು. ಚಿತ್ರಮಂದಿರದಾಚೆಯ ಬಳಕೆಯಲ್ಲಿ ಅವರ ಪಾಲನ್ನು ಹಾಗೆ ಬರೆಸಿಕೊಳ್ಳುವಂತಿಲ್ಲ ಎನ್ನಲು 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿಯೇ ಬರಬೇಕಾಯಿತು.

ಪ್ರಶ್ನೆ: ಈಗ ಕೆಲಸ ಹೇಗಿದೆ?

ಫೈಲು: ಕಡಿಮೆ. ನಡುನಡುವೆ ಜಾಹೀರಾತು ಸಹಿಸಿಕೊಂಡರೆ ಹಾಡು ತಾನಾಗಿ ಫೋನಿಗೆ ಹರಿದು ಬರುತ್ತದೆ, ನನ್ನನ್ನು ಹುಡುಕುವ ಶ್ರಮ ಯಾರಿಗೆ ಬೇಕು? ಆದರೆ ಚಂದಾ ಕಟ್ಟಿ ಡೌನ್‌ಲೋಡ್ ಮಾಡಿಟ್ಟ ಹಾಡುಗಳೂ ಚಂದಾ ನಿಲ್ಲಿಸಿದ ದಿನ ಬಾಯಿ ಮುಚ್ಚುತ್ತವಂತೆ. ನಿವೃತ್ತಿ ಅರ್ಜಿ ಬರೆದಿಟ್ಟಿದ್ದೆ, ಸದ್ಯಕ್ಕೆ ಕೊಟ್ಟಿಲ್ಲ.