ಚೌಕಾಸಿ ಯಾರ ಜೊತೆ? ಗಾಂಧಿ ಚೌಕದ ಗಿರಾಕಿಗಳಿಗೆ ಒಂದು ಬಹಿರಂಗ ಪತ್ರ

ವಿಜಯಪುರದ ಗಾಂಧಿ ಚೌಕಕ್ಕೆ ಖರೀದಿಗೆ ಬರುವ ಊರವರಿಗೆ, ತಿಕೋಟಾ ಮತ್ತು ಬಬಲೇಶ್ವರದ ಕಡೆಯ ಬಂಧುಗಳಿಗೆ,



ಒಣದ್ರಾಕ್ಷಿ ಮಾರಿದ ರೊಕ್ಕ ಕೈಸೇರಿದಾಗ, ಹೊಸ ಮನೆಯ ವಾಸ್ತುಶಾಂತಿ ಮುಗಿದಾಗ, ದೀಪಾವಳಿಯ ರಿಯಾಯಿತಿಯ ಬ್ಯಾನರು ಕಟ್ಟಿದಾಗ ನೀವು ಚೌಕದ ಅಂಗಡಿಗಳಿಗೆ ಬರುತ್ತೀರಿ. ಈಚಿನ ವರ್ಷಗಳಲ್ಲಿ ಟಿ.ವಿ. ಜೊತೆಗೆ ಒಂದು ಸೌಂಡ್ ಬಾರ್, ಇಲ್ಲವೆ ಐದು ಸ್ಪೀಕರಿನ ಹೋಮ್ ಥಿಯೇಟರ್ ಕೊಂಡೊಯ್ಯುವವರು ಹೆಚ್ಚಾಗಿದ್ದಾರೆ. ಮನೆಯಲ್ಲಿ ಒಳ್ಳೆಯ ದನಿ ಇರಲಿ ಎಂಬುದು ಒಳ್ಳೆಯ ಆಸೆ. ನಾನೂ ಇದೇ ಊರಿನವನು, ನಿಮ್ಮಂತೆಯೇ ಗಿರಾಕಿ. ನಾವು ಚೌಕಾಸಿ ಮಾಡಬೇಕಾದ ಕಡೆ ಬಾಯಿ ಬಿಡುತ್ತಿಲ್ಲ, ಮಾಡಬಾರದ ಕಡೆ ಬಿಗಿಹಿಡಿಯುತ್ತಿದ್ದೇವೆ. ಅದನ್ನು ಹೇಳಲೆಂದೇ ಈ ಪತ್ರ.

20,000 ರೂಪಾಯಿಯ ಪೆಟ್ಟಿಗೆ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಇರುತ್ತದೆ, ಕೊಡುತ್ತೇವೆ. ಕಂತಿನಲ್ಲಿ ಕೊಂಡರೆ ಫೈನಾನ್ಸಿನವರು ಪ್ರೊಸೆಸಿಂಗ್ ಶುಲ್ಕ ಹಚ್ಚುತ್ತಾರೆ, ಸಹಿ ಹಾಕುತ್ತೇವೆ. ಹೆಚ್ಚುವರಿ ವಾರಂಟಿಯ ಕಾಗದವನ್ನು ಓದದೆಯೇ ಒಪ್ಪುತ್ತೇವೆ. ಆಮೇಲೆ ಆ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಎರಡನೆಯ ಮಹಡಿ ಹತ್ತಿದ ಹಮಾಲ ಮೋರೆ ಒರೆಸಿಕೊಳ್ಳುತ್ತ "ಚಹಾಕ್ಕ ಏನರ ಕೊಡ್ರಿ ಸಾಹೇಬ್ರ" ಅಂದಾಗ ಮಾತ್ರ ನಮಗೆ ತತ್ವ ನೆನಪಾಗುತ್ತದೆ. "ಯಾಕ ಕೊಡಬೇಕು? ಅಂಗಡ್ಯಾವ್ರು ಪಗಾರ ಕೊಡ್ತಾರಲ್ಲ?" ಎನ್ನುತ್ತೇವೆ.

ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ, ಅದರಲ್ಲಿ ಅರ್ಧ ಸತ್ಯವಿದೆ. ದುಡಿಮೆಗೆ ತಕ್ಕ ಕೂಲಿ ಕೊಡುವುದು ಮಾಲೀಕನ ಹೊಣೆ. ಗಿರಾಕಿಯ ಭಕ್ಷೀಸು ಅದರ ಜಾಗ ತುಂಬಬಾರದು. ಆದರೆ ಈ ಪ್ರಶ್ನೆಯನ್ನು ನಾವು ಕೇಳುತ್ತಿರುವುದು ಹಮಾಲನಿಗೆ. ಕೇಳಬೇಕಾದದ್ದು ಗಲ್ಲೆಯ ಮೇಲೆ ಕೂತವರಿಗೆ, ಅದೂ ಬಿಲ್ ಆಗುವ ಮುಂಚೆ: "ಹಚ್ಚಿಕೊಡೋ ಹುಡುಗಗ ನೀವು ಎಷ್ಟು ಕೊಡ್ತೀರಿ? ತಿಕೋಟಾಕ್ಕ ಬರೋ ಪೆಟ್ರೋಲ್ ಯಾರದು?" ಅಲ್ಲಿ ಮಾತ್ರ ನಾವು ಬಾಯಿಮುಚ್ಚಿ ಕೂಡುತ್ತೇವೆ. ಸಾವಿರ ರೂಪಾಯಿ ಬಿಡಿಸಿಕೊಳ್ಳುವ ಗಿರಾಕಿಗೆ ಈ ಎರಡು ಮಾತು ಕೇಳುವ ಹಕ್ಕೂ ಇದೆ, ಬಲವೂ ಇದೆ.

ಹಚ್ಚಿಕೊಡುವ ಆ ಹುಡುಗನ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿ. ನಮ್ಮ ಭಾಗದ ಹಳೆಯ ಮನೆಗಳ ಗೋಡೆ ಕಲ್ಲಿನದು. ಡ್ರಿಲ್ಲಿನ ಮೊನೆ ಒಂದು ಇಂಚು ಇಳಿಯುವಷ್ಟರಲ್ಲಿ ಕೆಂಪಗೆ ಕಾಯುತ್ತದೆ. ತೆಗೆದು, ಆರಿಸಿ, ಮತ್ತೆ ಹಾಕಬೇಕು. ತೂತಿನ ಧೂಳು ಹಾಸಿಗೆಯ ಮೇಲೆ ಬೀಳದಂತೆ ಕೆಳಗೆ ಹಳೆಯ ಪೇಪರು ಹಿಡಿಯುತ್ತಾನೆ. ಗಿಟ್ಟಿ ಬಡಿದು, ಪಟ್ಟಿ ಕೂರಿಸಿ, ನೀರುಮಟ್ಟ ನೋಡುತ್ತಾನೆ. ಟಿ.ವಿ. ಹಿಂದೆ ಕೈಹಾಕಿ ಎಚ್‌ಡಿಎಂಐ ತಂತಿಯನ್ನು 'ಎಆರ್‌ಸಿ' ಎಂದು ಬರೆದ ಕಿಂಡಿಗೇ ಸಿಕ್ಕಿಸುತ್ತಾನೆ. ಬೇರೆ ಕಿಂಡಿಗೆ ಹಾಕಿದರೆ ಟಿ.ವಿ.ಯ ದನಿ ಸೌಂಡ್ ಬಾರಿಗೆ ಬರುವುದಿಲ್ಲ. ಸೆಟ್ಟಿಂಗಿನೊಳಗೆ ಹೋಗಿ ದನಿ ಹೊರಡುವ ದಾರಿ ಬದಲಿಸುತ್ತಾನೆ, ಸಬ್‌ವೂಫರನ್ನು ಜೋಡಿಸುತ್ತಾನೆ, ಅಜ್ಜನಿಗೆ ರಿಮೋಟಿನ ಗುಂಡಿ ತೋರಿಸುತ್ತಾನೆ. ಇಷ್ಟಾಗಿ ಹೊರಡುವಾಗ ನಾವು ಕೇಳುವುದು ಒಂದೇ: "ಫ್ರೀ ಇನ್‌ಸ್ಟಾಲೇಶನ್ ಅಂದಿದ್ರಲ್ಲ?" ಅದು ನಮಗೆ ಫ್ರೀ. ಅವನ ಅರ್ಧ ದಿನ ಯಾರದೋ ಲೆಕ್ಕದಲ್ಲಿ ಖರ್ಚಾಗಿದೆ. ಆ ಲೆಕ್ಕ ಅವನದೇ ಆಗಿರಬಾರದು ಎಂಬುದಷ್ಟೇ ನನ್ನ ಕಳಕಳಿ.

ಈಗ ದೊಡ್ಡ ಮೊತ್ತದ ಕಡೆ ಬರೋಣ. ನಿಜವಾದ ಚೌಕಾಸಿ ಇಲ್ಲಿ ನಡೆಯಬೇಕು.

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ವ್ಯಾಟ್ ನೋಡಿ ಬೆಲೆ ಕಟ್ಟಬೇಡಿ. 'ಪಿಎಂಪಿಒ' ಎಂದು ಬರೆದಿದ್ದರೆ ಆ ಅಂಕಿಯನ್ನು ಮರೆತುಬಿಡಿ. ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಅದನ್ನು ಕರೆದರೂ ಅಳೆಯಲು ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ಹೀಗಾಗಿ ಸಣ್ಣ ಪೆಟ್ಟಿಗೆಯ ಮೇಲೂ ಸಾವಿರಗಟ್ಟಲೆ ವ್ಯಾಟ್ ಕುಣಿಯುತ್ತದೆ. ಕೇಳಬೇಕಾದದ್ದು 'ಆರ್‌ಎಂಎಸ್' ಅಂಕಿ, ಅಂದರೆ ಸ್ಪೀಕರು ಬಿಡದೆ ತಾಳಿಕೊಳ್ಳುವ ಶಕ್ತಿ. ಅದರಲ್ಲೂ ಒಂದು ಸಂಗತಿ ತಿಳಿದಿರಲಿ. ವ್ಯಾಟ್ ಎರಡು ಪಟ್ಟಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ. ನಮ್ಮ ಕಿವಿಗೆ ದನಿ ಇಮ್ಮಡಿಯಾಯಿತು ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ಶಕ್ತಿ ಬೇಕು. ಪಡಸಾಲೆಯಲ್ಲಿ ಕೂತು ಕೇಳುವ ಮನೆಗೆ ಕೆಲವೇ ವ್ಯಾಟ್ ಧಾರಾಳ. ಉಳಿದದ್ದಕ್ಕೆ ನಾವು ಕೊಡುವುದು ಅಂಕಿಯ ಬೆಲೆ.

ಇನ್ನು, ನಮ್ಮ ಮನೆಗಳಲ್ಲಿ ಕೇಳುವುದೇನು? ನಸುಕಿನಲ್ಲಿ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಶ್ರೀಗಳ ಪ್ರವಚನ. ಅವರು 2023ರ ಜನವರಿ 2ರಂದು ನಮ್ಮನ್ನಗಲಿದರೂ ಆ ಮೆಲುದನಿ ಇಂದಿಗೂ ಎಷ್ಟೋ ಮನೆಗಳ ಮುಂಜಾವು. ಆಮೇಲೆ ವಚನ ಗಾಯನ, ಭಜನೆ, ತತ್ವಪದ, ಭೀಮಸೇನ ಜೋಶಿಯವರ ಅಭಂಗ, ಮಲ್ಲಿಕಾರ್ಜುನ ಮನಸೂರರ ಖಯಾಲು, ಸಂಜೆಗೆ ಸುದ್ದಿ. ಇದೆಲ್ಲ ಮನುಷ್ಯನ ಕಂಠ. ಕಂಠ ಸ್ಪಷ್ಟವಾಗಬೇಕಾದರೆ ನಡುವಿನ ಸ್ವರಗಳು ತಿಳಿಯಾಗಿ ಕೇಳಬೇಕು. ನೆಲ ನಡುಗಿಸುವ ಸಬ್‌ವೂಫರಿನಿಂದ ಅಲ್ಲಿ ಪ್ರಯೋಜನ ಕಡಿಮೆ. ಅಂಗಡಿಯವರು ಸಿನಿಮಾದ ಸ್ಫೋಟದ ದೃಶ್ಯ ಹಾಕಿ ತೋರಿಸುತ್ತಾರೆ. "ಬ್ಯಾಡ್ರಿ, ನನ್ನ ಫೋನಿನ್ಯಾಗ ಇರೋದು ಹಚ್ರಿ" ಎಂದು ಹೇಳಿ, ನೀವು ದಿನಾ ಕೇಳುವ ಪ್ರವಚನವನ್ನೇ ಹಾಕಿಸಿ. ದನಿಯನ್ನು ತಗ್ಗಿಸಿ ಕೇಳಿ. ತಗ್ಗಿಸಿದಾಗಲೂ ಒಂದೊಂದು ಅಕ್ಷರ ಬಿಡಿಯಾಗಿ ಕೇಳಿದರೆ ಆ ಪೆಟ್ಟಿಗೆ ಒಳ್ಳೆಯದು.

ದನಿಗೂ ಕೋಣೆಗೂ ಇರುವ ನಂಟನ್ನು ನಮ್ಮ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮುಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ, ಒಳಗಡೆ ಸುಮಾರು 38 ಮೀಟರ್ ಅಗಲದ ಗುಮ್ಮಟದ ಒಂದು ಬದಿಗೆ ಪಿಸುಗುಟ್ಟಿದ್ದು ಎದುರು ಬದಿಗೆ ಕೇಳುತ್ತದೆ. ಅದೇ ಗುಮ್ಮಟದಲ್ಲಿ ಶಾಲೆಯ ಮಕ್ಕಳೆಲ್ಲ ಒಟ್ಟಿಗೆ ಕೂಗಿದರೆ ಒಬ್ಬರ ಮಾತೂ ತಿಳಿಯುವುದಿಲ್ಲ. ಬರಿಯ ಕಲ್ಲುಗೋಡೆ, ಫರಸಿ ನೆಲದ ನಮ್ಮ ಪಡಸಾಲೆಗಳಲ್ಲಿಯೂ ಆಗುವುದು ಇದೇ. ದನಿ ಗೋಡೆಗೆ ಬಡಿದು ಬಡಿದು ಕಲಸಿಹೋಗುತ್ತದೆ. ಇನ್ನೂ ಐದು ಸಾವಿರದ ದೊಡ್ಡ ಮಾಡೆಲ್ ಕೊಳ್ಳುವ ಮುಂಚೆ ನೆಲಕ್ಕೊಂದು ಜಮಖಾನ ಹಾಸಿ, ಎದುರಿನ ಗೋಡೆಗೆ ಅವ್ವ ಹೊಲಿದ ದಪ್ಪ ಕೌದಿ ತೂಗುಹಾಕಿ ನೋಡಿ. ಸ್ಪೀಕರನ್ನು ಮೂಲೆಗೆ ಒತ್ತದೆ ಕಿವಿಯ ಮಟ್ಟಕ್ಕೆ ಇಡಿಸಿ. ಬದಲಾವಣೆ ಅಂದೇ ತಿಳಿಯುತ್ತದೆ. ಅಂಗಡಿಯ ಜಾಹೀರಾತು ಹೇಳದ ಈ ಮಾತನ್ನು ನನಗೆ ಹೇಳಿಕೊಟ್ಟವನು ಕೂಡ ಗೋಡೆಗೆ ಬಾರ್ ಹಚ್ಚಲು ಬಂದ ಹುಡುಗನೇ.

ಈ ಸೀಮೆಯ ಸಂಗೀತ ದೊಡ್ಡ ಪೆಟ್ಟಿಗೆಗಳಿಂದ ಬೆಳೆದದ್ದಲ್ಲ. ಗದಗಿನ ಹುಡುಗ ಭೀಮಸೇನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿಯ ತಟ್ಟೆ ಕೇಳಿದ. ಆ ದನಿ ಹೊಕ್ಕ ಮೇಲೆ 1933ರಲ್ಲಿ ಗುರುವನ್ನು ಅರಸಿ ಮನೆಬಿಟ್ಟ. ಧಾರವಾಡದ ಬಾಲೆ ಗಂಗೂಬಾಯಿ ಹಾನಗಲ್ ಗ್ರಾಮಫೋನಿನ ಹಾಡು ಕೇಳಿದೊಡನೆ ಬೀದಿಗೆ ಓಡಿಬರುತ್ತಿದ್ದಳು. ಅವರಿಗೆ ಒದಗಿದ್ದು ಗೊರಗೊರ ಸದ್ದಿನ ಕಹಳೆ. ಕೇಳುವ ಕಿವಿಯೇ ಉಳಿದದ್ದನ್ನೆಲ್ಲ ಮಾಡಿತು. ಆದ್ದರಿಂದ ಮೇಲಿನ ಮಾಡೆಲ್ ಬಿಟ್ಟು ನಿಮಗೆ ತಕ್ಕ ಮಾಡೆಲ್ ಕೊಂಡರೆ ಸಂಗೀತಕ್ಕೆ ಕೊರತೆಯಾಗದು. ಉಳಿದ ಹಣದಲ್ಲಿ ಒಂದು ಪಾಲು ದುಡಿದ ಕೈಗೆ ಹೋಗಲಿ.

ಖರೀದಿ ಮುಗಿಸಿ ನಾವು ಹೋಗುವುದು ಖಾನಾವಳಿಗೆ. ಅಲ್ಲಿಯೂ ಇದೇ ಕಥೆ. ಬಿಸಿ ರೊಟ್ಟಿ ಬುಟ್ಟಿ ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡುವ ಹುಡುಗ "ಸಾಕು" ಅನ್ನುವಷ್ಟರಲ್ಲಿ ಇನ್ನರ್ಧ ರೊಟ್ಟಿ ಹಾಕಿರುತ್ತಾನೆ. ಎಣ್ಣೆಗಾಯಿ ಮುಗಿದದ್ದು ನಮಗಿಂತ ಮುಂಚೆ ಅವನಿಗೆ ಕಂಡಿರುತ್ತದೆ. ಮೊದಲು ಬಿಲ್ಲಿನ ಚಿಲ್ಲರೆ ಬಡೇಸೋಪಿನ ತಟ್ಟೆಯಲ್ಲಿ ಉಳಿಯುತ್ತಿತ್ತು, ಅದು ಅವನದು. ಈಗ ಗಲ್ಲೆಯ ಮೇಲಿನ ಕ್ಯೂಆರ್ ಚೀಟಿಗೆ ಫೋನ್ ಹಿಡಿದು ಪೈಸೆಗೆ ಪೈಸೆ ಕೊಟ್ಟು ಹೊರಡುತ್ತೇವೆ. ಹಣ ಮಾಲೀಕರ ಖಾತೆಗೆ ಹೋಗುತ್ತದೆ, ತಟ್ಟೆಯಲ್ಲಿ ಬಡೇಸೋಪು ಮಾತ್ರ ಉಳಿಯುತ್ತದೆ. ಯಾರೂ ಬೇಕೆಂದು ಕಿತ್ತುಕೊಂಡದ್ದಲ್ಲ. ನಮ್ಮ ಅನುಕೂಲದಲ್ಲಿ ಅವನ ಪಾಲು ಜಾರಿಹೋಗಿದೆ. ಆದ್ದರಿಂದ ಜೇಬಿನಲ್ಲಿ ಹತ್ತಿಪ್ಪತ್ತರ ನೋಟು ಇಟ್ಟುಕೊಳ್ಳಿ. ಇಲ್ಲದಿದ್ದರೆ ಅವನದೇ ನಂಬರ್ ಕೇಳಿ ಅದಕ್ಕೆ ಹಾಕಿ.

ಕಾನೂನು ಏನನ್ನುತ್ತದೆ ಎಂಬುದೂ ಗೊತ್ತಿರಲಿ. ಹೋಟೆಲಿನವರು ಬಿಲ್ಲಿಗೆ ತಾವೇ ಸೇವಾ ಶುಲ್ಕ ಸೇರಿಸಿ ವಸೂಲಿ ಮಾಡಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಬೆಂಗಳೂರಿನಲ್ಲೋ ಪುಣೆಯಲ್ಲೋ ಬಿಲ್ಲಿನಲ್ಲಿ ಇಂಥ ಸಾಲು ಕಂಡರೆ ತೆಗೆಸಬಹುದು, ತೆಗೆಯದಿದ್ದರೆ 1915ಕ್ಕೆ ಕರೆ ಮಾಡಬಹುದು. ತೆಗೆಸಿದ ಮೇಲೆ ನಮ್ಮ ಕೆಲಸ ಮುಗಿಯುವುದಿಲ್ಲ. ಭಕ್ಷೀಸು ಗಿರಾಕಿಯ ಇಚ್ಛೆಗೆ ಬಿಟ್ಟದ್ದು ಎಂದರೆ, ಆ ಇಚ್ಛೆ ನಮ್ಮಲ್ಲಿ ಇದೆಯೋ ಇಲ್ಲವೋ ಎಂಬುದು ಇನ್ನು ನಮ್ಮ ನಡತೆಯಿಂದ ತಿಳಿಯುತ್ತದೆ.

ಆ್ಯಪಿನಲ್ಲಿ ತರಿಸಿದ ಸಾಮಾನು ಹೊತ್ತು ಬರುವವರ ವಿಷಯದಲ್ಲಿ ನಮ್ಮ ರಾಜ್ಯ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. 2025ರಲ್ಲಿ ಬಂದ ಗಿಗ್ ಕಾರ್ಮಿಕರ ಕಾಯ್ದೆಯಂತೆ, ಕಾರ್ಮಿಕನಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಶೇಕಡ 1ರಿಂದ 5ರವರೆಗೆ ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ಆದರೆ ಅದು ಆ್ಯಪಿನ ಮೂಲಕ ದುಡಿಯುವವರ ಕಾಯ್ದೆ. ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಓಣಿಯಲ್ಲಿ ಕೈಗಾಡಿ ತಳ್ಳುವ ಹಮಾಲನ ಕೂಲಿಯನ್ನು ಅದು ಮುಟ್ಟುವುದಿಲ್ಲ.

"ಕಾಯಕದ ನಾಡಿನ್ಯಾಗ ಭಕ್ಷೀಸು ಯಾಕ್ರಿ?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದರು. ಬಸವಣ್ಣ ಹುಟ್ಟಿದ ಜಿಲ್ಲೆಯಲ್ಲಿ ಇದು ಗಂಭೀರ ಪ್ರಶ್ನೆ. ಗಂಡ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. ಅದು ದುಡಿಯುವವಳು ತನಗೆ ತಾನೇ ಹಾಕಿಕೊಂಡ ಕಟ್ಟು. ಅವಳ ಸಂಯಮವನ್ನು ತೋರಿಸಿ ನಾವು ಕೈ ಬಿಗಿಹಿಡಿಯುವುದು ನ್ಯಾಯವಲ್ಲ. ಕೊಡುವವರಿಗೆ ಶರಣರು ಹೇಳಿದ್ದು ದಾಸೋಹ. ಹಾಗೆಯೇ ಯಾರಾದರೂ "ಬ್ಯಾಡ್ರಿ" ಎಂದರೆ ಒತ್ತಾಯಿಸಬೇಡಿ. ಒಂದು ಕಪ್ ಚಹಾ ಕೊಟ್ಟು, ಹೆಸರು ಕೇಳಿ, ಅಂಗಡಿಗೆ ಫೋನ್ ಮಾಡಿ ಕೆಲಸ ಚೆನ್ನಾಗಿದೆ ಎಂದು ಹೇಳಿ. ಅದೂ ಅವನ ಪಾಲಿನದೇ.

ಗಿರಾಕಿಯೇ ಮಾನ್ಯ ಅತಿಥಿ ಎನ್ನುವ ಮಾತನ್ನು ಗಾಂಧೀಜಿಯ ಹೆಸರಿನಲ್ಲಿ ಬರೆದ ಫಲಕ ದೇಶದ ಎಷ್ಟೋ ಅಂಗಡಿಗಳಲ್ಲಿದೆ. ಅದು ಅವರ ಮಾತೆನ್ನಲು ಆಧಾರ ಸಿಕ್ಕಿಲ್ಲ. ಆಧಾರವಿರುವ ಸಂಗತಿ ಬೇರೆ: 1918ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರು ಶೇಕಡ 35ರಷ್ಟು ಕೂಲಿ ಹೆಚ್ಚಳ ಕೇಳಿದಾಗ ಅವರು ಕಾರ್ಮಿಕರ ಬೆನ್ನಿಗೆ ನಿಂತರು, ಉಪವಾಸ ಕೂತರು. ಅವರ ಹೆಸರಿನ ಚೌಕದಲ್ಲಿ ವ್ಯಾಪಾರ ಮಾಡುವ ನಮಗೆ ಇದು ನೆನಪಿರಬೇಕು.

ಆದ್ದರಿಂದ ನನ್ನ ಬೇಡಿಕೆಗಳನ್ನು ನೇರವಾಗಿ ಹೇಳುತ್ತೇನೆ. ಕೊಂಡ ಪೆಟ್ಟಿಗೆಯ ಬೆಲೆಯಲ್ಲಿ ನೂರಕ್ಕೆ ಒಂದು ರೂಪಾಯಿ, ಹೊತ್ತವರಿಗೆ ಮತ್ತು ಹಚ್ಚಿದವರಿಗೆ ಎಂದು ಮೊದಲೇ ತೆಗೆದಿಡಿ. 20,000ಕ್ಕೆ 200, ತೆರಿಗೆಗೆ ನೂರಕ್ಕೆ ಹದಿನೆಂಟು ಕೊಡುವವರಿಗೆ ಇದು ಭಾರವಲ್ಲ. ಕೈಗೇ ಕೊಡಿ, ಮಕ್ಕಳ ಮುಂದೆ ಕೊಡಿ, ಕೊಟ್ಟದ್ದನ್ನು ಆಡಿ ತೋರಿಸಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ದನಿ ಗೋಡೆ ದಾಟದಿರಲಿ. ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಎಂದು 2000ದ ಶಬ್ದ ನಿಯಮಗಳೇ ಮಿತಿ ಹಾಕಿವೆ. ಓಣಿಯಲ್ಲಿ ದಿನವಿಡೀ ದುಡಿದು ಮಲಗಿದವರಿದ್ದಾರೆ.

ಅಂಗಡಿ ಮಾಲೀಕರಲ್ಲಿ ಒಂದೇ ಕೋರಿಕೆ. ಬರುವ ಸಂಕ್ರಾಂತಿಗೆ ಸಿದ್ಧೇಶ್ವರ ಗುಡಿಯ ಜಾತ್ರೆಯ ಜನ ಚೌಕಕ್ಕೆ ಬರುವ ಮುಂಚೆ, ಜೋಡಣೆಯ ಹುಡುಗನಿಗೆ ಎಷ್ಟು ಕೊಡುತ್ತೀರಿ, ಊರ ಹೊರಗೆ ಹೋದರೆ ಪೆಟ್ರೋಲಿಗೆ ಎಷ್ಟು ಕೊಡುತ್ತೀರಿ ಎಂದು ಗಲ್ಲೆಯ ಮುಂದೆ ಬರೆದು ಹಾಕಿ. ಹಾಗೆ ಬರೆದ ಅಂಗಡಿಯಲ್ಲೇ ನಾನು ಕೊಳ್ಳುತ್ತೇನೆ, ನಾಲ್ಕು ಕಾಸು ಹೆಚ್ಚಾದರೂ ಸರಿ. ನೀವೂ ಅಲ್ಲಿಯೇ ಕೊಳ್ಳಿರೆಂದು ಈ ಪತ್ರದ ಮೂಲಕ ಬೇಡಿಕೊಳ್ಳುತ್ತೇನೆ.

ಇಂತಿ,
ನಿಮ್ಮೂರಿನ ಒಬ್ಬ ಗಿರಾಕಿ