ನೀವು ಏನಾಗಬೇಕು?

ರಜೆ ಅರ್ಜಿಯ ನಮೂನೆ ತಯಾರಿಸುವವರಿಗೆ ಬಂಧುಬಳಗದ ಬಗ್ಗೆ ಬಲು ಖಚಿತವಾದ ತಿಳಿವಳಿಕೆ. ತಾಯಿ, ತಂದೆ, ಹೆಂಡತಿ, ಮಕ್ಕಳು. ಅಲ್ಲಿಗೆ ಮನುಷ್ಯನ ದುಃಖ ಮುಗಿಯಿತು. ಗೆಳೆಯನ ಅವ್ವ ತೀರಿಕೊಂಡರೆ ಅಳಬಾರದೆಂದೇನಿಲ್ಲ, ಸಿ.ಎಲ್. ಹಾಕಿ ಅಳಬೇಕು, ಅಷ್ಟೇ. ನಾನು 'ಸಂಬಂಧ' ಎಂದಿದ್ದಲ್ಲಿ 'ಅವ್ವ' ಎಂದು ಬರೆದೆ. ಗುಮಾಸ್ತರು ಕನ್ನಡಕ ಏರಿಸಿ, "ಸಾರ್, ನಿಮ್ಮ ತಾಯಿ ಈಗ ತಾನೇ ಫೋನ್ ಮಾಡಿದ್ರಲ್ಲ!" ಎಂದರು. ಮಾಡಿದ್ದು ನಿಜ. "ಅವ್ವ ಅಂತನ ಬರಿ. ನಿನ್ನ ಅರ್ಧ ಹೊಟ್ಟಿ ತುಂಬಿಸಿದಾಕಿ ಆಕೀನ" ಎಂದು ಹೇಳಲಿಕ್ಕೇ ಮಾಡಿದ್ದು.

ಅವ್ವನ ಮನೆ ಧಾರವಾಡದ ಸಾಧನಕೇರಿಯ ಕಡೆ. ಬೇಂದ್ರೆಯವರ ಮನೆ ಹುಡುಕಿಕೊಂಡು ಬರುವವರು ದಾರಿ ತಪ್ಪಿ ಅವಳ ಬಾಗಿಲಿಗೇ ಬರುತ್ತಿದ್ದರು. ಅವ್ವ ದಾರಿ ಹೇಳುವ ಮೊದಲು ಚಹಾ ಕೊಡುತ್ತಿದ್ದಳು, ಚಹಾದ ಜೊತೆ ಅವಲಕ್ಕಿ, ಅವಲಕ್ಕಿಯ ಜೊತೆ ತನ್ನ ಮೊಣಕಾಲು ನೋವಿನ ಪೂರ್ತಿ ಇತಿಹಾಸ. ಕವಿಯ ಮನೆ ನೋಡದೆಯೇ ಬಸ್ಸು ಹತ್ತಿದವರೂ ಇದ್ದಾರೆ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅವ್ವ ಅದಕ್ಕಿಂತ ನಾಲ್ಕೈದು ವರ್ಷ ದೊಡ್ಡವಳು. ಹೀಗಾಗಿ ಸುದ್ದಿ ಓದುವವರ ಜೊತೆ ಏಕವಚನದಲ್ಲೇ ಮಾತು. ಮಳೆಯ ಮುನ್ಸೂಚನೆ ಬಂದರೆ, "ಹೋದ ವಾರಾನೂ ಹಿಂಗ ಅಂದಿದ್ದಿ ನೋಡಪಾ" ಎಂದು ರೊಟ್ಟಿ ಬಡಿಯುತ್ತಲೇ ಒಲೆಯ ಮುಂದಿನಿಂದ ಎಚ್ಚರಿಸುತ್ತಿದ್ದಳು.

ರೊಟ್ಟಿಯ ವಿಷಯದಲ್ಲಿ ಅವಳ ಗಣಿತ ಬೇರೆಯೇ ಇತ್ತು. "ಅರ್ಧ ಸಾಕವ್ವ" ಎಂದರೆ ಎರಡು ಬೀಳುತ್ತಿತ್ತು. "ಒಲ್ಲೆ" ಎಂದರೆ ಒಂದು. ಏನೂ ಅನ್ನದೆ ತಲೆ ತಗ್ಗಿಸಿ ಉಂಡರೆ ಮಾತ್ರ ಪರಿಸ್ಥಿತಿ ಹತೋಟಿಯಲ್ಲಿರುತ್ತಿತ್ತು. ಪುಂಡಿಪಲ್ಯ, ಮಡಕಿಕಾಳು, ಮೇಲೆ ಗುರೆಳ್ಳು ಚಟ್ನಿ, ಅದರ ಮೇಲೆ ಹಸಿ ಎಣ್ಣೆ. ಡಯಟಿಂಗ್ ಎಂಬ ಪದ ಆ ಓಣಿಗೆ ಇನ್ನೂ ಬಂದಿರಲಿಲ್ಲ. ಬಂದಿದ್ದರೆ ಅದಕ್ಕೂ ಒಂದು ತಾಟು ಹಾಕಿ ಕೂಡ್ರಿಸುತ್ತಿದ್ದಳು.

ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದ್ದರಿಂದ ಪರೀಕ್ಷೆಯ ಫಲಿತಾಂಶ ಬಂದಾಗ ಮಗನ ಮಾರ್ಕ್ಸ್ ಕಾರ್ಡನ್ನು ನನ್ನ ಕೈಗೆ, ನನ್ನದನ್ನು ಅವನ ಕೈಗೆ ಕೊಟ್ಟು ಓದಿಸುತ್ತಿದ್ದಳು. ಹೈಕೋರ್ಟಿಗೂ ಹೊಳೆಯದ ಉಪಾಯ. ನಾವೂ ಕಡಿಮೆಯವರಲ್ಲ. ಮೊದಲೇ ಮಾತಾಡಿಕೊಂಡು ಪರಸ್ಪರ ಹದಿನೈದು ಹದಿನೈದು ಅಂಕ ದಾನ ಮಾಡಿದೆವು. ಅವ್ವ ಕೊನೆಯವರೆಗೂ ಕೇಳಿ, "ಇಬ್ರೂ ಹಿಂಗ ಕೂಡಿ ಓದಿದ್ರ ಇಷ್ಟ ಸುಳ್ಳ ಹೇಳೋದ ಬೀಳ್ತಿದ್ದಿಲ್ಲ" ಎಂದು ಚಹಾಕ್ಕೆ ಎಸರಿಟ್ಟಳು.

ಅವ್ವನ ಮಣ್ಣಿಗೆ ಹೋದಾಗ ನವಲಗುಂದದ ಕಡೆಯ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಏನಾಗಬೇಕ್ರಿ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಗೆಳೆಯನ ಅಕ್ಕ ಅಳುತ್ತಿದ್ದವಳು ಅಳು ನಿಲ್ಲಿಸಿ, "ನಮ್ಮನಿ ಹುಡುಗ್ರಿ ಅಂವಾ, ಸುಮ್ನ ಕೂಡ್ರಿ" ಎಂದು ಗದರಿಸಿ, ಮತ್ತೆ ಅಳತೊಡಗಿದಳು. ಕುಣಿಯ ಸುತ್ತ ನಿಂತವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ನಾನೂ ಹಾಕಿದೆ. ಅಲ್ಲಿ ಯಾರೂ ಅರ್ಜಿ ಕೇಳಲಿಲ್ಲ.

ಸೂತಕದ್ದೇ ಒಂದು ತೊಡಕಾಯಿತು. ನಮ್ಮ ಮನೆಯಲ್ಲಿ ಸೂತಕವೆಂದರೆ ಗೋತ್ರ, ತಲೆಮಾರು, ದಿನ ಎಲ್ಲ ಎಣಿಸುವ ದೊಡ್ಡ ಲೆಕ್ಕ. ಆ ಲೆಕ್ಕದಲ್ಲಿ ಅವ್ವ ನನಗೆ ಏನೂ ಆಗಬೇಕಿಲ್ಲ. ಅವರದು ಲಿಂಗಾಯತರ ಮನೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದೂ ಸೂತಕಗಳನ್ನು 12ನೇ ಶತಮಾನದಲ್ಲೇ ಶರಣರು ಬೇಡವೆಂದು ಬಿಟ್ಟರು. ನನಗೆ ಸಿಗದ ಸೂತಕ ಅವರಿಗೂ ಇಲ್ಲ. ಶರಣರ ಮೇಲೆ ನನಗೆ ಮೊದಲಿನಿಂದಲೂ ಗೌರವವಿದೆ. ಅವತ್ತು ಇನ್ನಷ್ಟು ಹೆಚ್ಚಾಯಿತು.

ಆಮೇಲೆ ಬಂತು ಅವ್ವನ ಇಳಕಲ್ ಸೀರೆಗಳ ಪಾಲು. ಮಗಳಿಗೆ ಯಾವುದು, ಸೊಸೆಗೆ ಯಾವುದು? ಪಂಚರಾಗಿ ಕೂರಲು ಅಕ್ಕ, ಗೆಳೆಯ ಇಬ್ಬರೂ ನನ್ನನ್ನೇ ಕರೆದರು. ಎರಡೂ ಕಡೆಯವರಿಗೆ ಸಮನಾಗಿ ಹಂಚಿದೆ. ಎರಡೂ ಕಡೆಯವರಿಗೆ ಸಮನಾಗಿ ಸಿಟ್ಟು ಬಂತು. ಹೊರಗಿನವನಾಗಿದ್ದರೆ ಇಷ್ಟು ಬೈಗುಳ ಖಂಡಿತ ದಕ್ಕುತ್ತಿರಲಿಲ್ಲ. ಅಕ್ಕ ಈಗ ತಮ್ಮನ ಜೊತೆ ಮಾತು ಬಿಟ್ಟಿದ್ದಾಳೆ. ನನ್ನ ಜೊತೆಯೂ ಬಿಟ್ಟಿದ್ದಳು, ಆದರೆ ಶ್ರಾವಣ ಹತ್ತಿರ ಬಂದ ಹಾಗೆ ಫೋನ್ ಮಾಡಿದಳು. ನಾಗರಪಂಚಮಿಗೆ ನಮ್ಮ ಕಡೆಯ ಹೆಣ್ಣುಮಕ್ಕಳು ತವರಿಗೆ ಹೋಗದೆ ಇರುವುದುಂಟೆ? "ಅವನ ಮನಿಗೆ ಕಾಲ ಇಡಂಗಿಲ್ಲ. ಈ ಸಲ ಪಂಚಮಿ ನಿನ್ನ ಮನ್ಯಾಗ" ಎಂದಳು. ಅದು ಕೇಳಿದ್ದಲ್ಲ, ತಿಳಿಸಿದ್ದು.

ನನ್ನ ಹೆಂಡತಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟಿಗೆ ಸಾಮಾನು ತರಿಸಿದ್ದಾಳೆ. ತೊಡಕಾಗಿರುವುದು ಜೋಕಾಲಿ. ಬೆಂಗಳೂರಿನ ಎರಡನೇ ಮಹಡಿಯಲ್ಲಿ ಅದನ್ನು ಎಲ್ಲಿ ಕಟ್ಟುವುದು? ಕೆಳಗಿನ ಮರಕ್ಕೆ ಕಟ್ಟುತ್ತೇವೆಂದರೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಮೀಟಿಂಗ್ ಕರೆಯಬೇಕು ಎನ್ನುತ್ತಿದ್ದಾರೆ. ಹಗ್ಗದ ಚಿಂತೆ ಮಾತ್ರ ಇಲ್ಲ. ಗೆಳೆಯ ಧಾರವಾಡದಿಂದ ತಾನೇ ತರುತ್ತೇನೆ ಎಂದಿದ್ದಾನೆ. ಅವನೂ ಬರುತ್ತಿರುವುದನ್ನು ಅಕ್ಕನಿಗೆ ಇನ್ನೂ ಹೇಳಿಲ್ಲ.